ಕೊಂಡಿಯಿಲ್ಲದ ಮನೆ

ವರ್ಲೀನ್ ಸ್ಟ್ಯಾಂಪರಳ ಕಿವಿಗೆ ಬೀಳುವಂತೆ ಅವಳ ಮನೆಯನ್ನು ಯಾರಾದರೂ ಟ್ರೇಲರ್ ಎಂದರೆ, ಆ ಮನೆಯ ಕಾಫಿಯ ಋಣ ಅವರಿಗೆ ಅಲ್ಲಿಗೆ ತೀರಿತು ಅಂತಲೇ ತಿಳಿಯಬೇಕು. ಮಿಕ್ಕ ವಿಷಯದಲ್ಲಿ ಅವಳಷ್ಟು ತಾಳ್ಮೆಯ ಹೆಂಗಸು ಕೆಂಟಕಿಯ ನಮ್ಮ ಕಣಿವೆಯಲ್ಲೇ ಇರಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಊರ ಮಕ್ಕಳಿಗೆಲ್ಲ ಬೀನ್ಸು ಬಡಿಸಿ, ಅವರ ಎಂಜಲು ಬಾಚಿ, ಒಂದು ದಿನವೂ ಸೌಟು ಎತ್ತಿ ಎಸೆದವಳಲ್ಲ. ಆ ಒಂದು ಮಾತನ್ನು ಮಾತ್ರ ಅವಳು ಸಹಿಸುತ್ತಿರಲಿಲ್ಲ.

ನಾವಿದ್ದ ಎಸ್ಟೆಪ್ ಪಾರ್ಕ್ ಎಂಬ ಬಾಡಿಗೆ ಬಯಲಿನಲ್ಲಿ ಇದ್ದದ್ದೆಲ್ಲ ಟ್ರೇಲರುಗಳೇ ಆಗಿದ್ದವು, ಅದೇ ತಮಾಷೆ. ಕಾರ್ಖಾನೆಯಲ್ಲಿ ಮರಕ್ಕೆ ತಗಡು ಹೊಡೆದು, ಅಡಿಗೆ ಚಕ್ರ ಕೊಟ್ಟು, ಲಾರಿಗೆ ಕಟ್ಟಿ ಎಳೆದು ತಂದು ನಿಲ್ಲಿಸಿದ ಉದ್ದುದ್ದ ಡಬ್ಬಗಳು. ಮನೆ ನಮ್ಮದು, ಅದರ ಕೆಳಗಿನ ನೆಲ ಎಸ್ಟೆಪ್ ಮುದುಕನದು. ಹೀಗೆ ಬದುಕುವುದರಲ್ಲಿ ನಾಚಿಕೆಯೇನು ಬಂತು, ಕಣಿವೆಯ ಅರ್ಧ ಜನ ಹುಟ್ಟಿದ್ದೂ ಸತ್ತದ್ದೂ ಇಂಥವುಗಳಲ್ಲೇ. ಆದರೂ ಪ್ರತಿಯೊಂದರ ಮುಂಭಾಗದಲ್ಲೂ ಮೂತಿಯ ಹಾಗೆ ಚಾಚಿಕೊಂಡಿರುವ ಆ ಕಬ್ಬಿಣದ ಕೊಂಡಿ ಇದೆಯಲ್ಲ, ಲಾರಿಗೆ ಸಿಕ್ಕಿಸಿ ಎಳೆಯುವುದಕ್ಕೆ ಇರುವಂಥದ್ದು, ಅದು ಎಲ್ಲರ ಮಾನ ಕಳೆಯುತ್ತಿತ್ತು. ಒಬ್ಬರು ಅದರ ಮೇಲೆ ಹೂವಿನ ಕುಂಡ ಇಡುತ್ತಿದ್ದರು. ಇನ್ನೊಬ್ಬರು ಸುತ್ತ ಗುಲಾಬಿ ಪೊದೆ ಬೆಳೆಸುತ್ತಿದ್ದರು. ವರ್ಲೀನಳ ಪಕ್ಕದಲ್ಲೇ ಇದ್ದ ಡಾಯ್ಲ್, ಗಣಿಯಲ್ಲಿ ವೆಲ್ಡರ್ ಆಗಿದ್ದು ನಿವೃತ್ತನಾದವನು, ಅದರ ಮೇಲೆ ತನ್ನ ಒದ್ದೆ ಸಾಕ್ಸು ಒಣಹಾಕುತ್ತಿದ್ದ. ಮುಚ್ಚಿಡುತ್ತಿದ್ದರು, ಆದರೆ ಅದನ್ನು ಕತ್ತರಿಸುವ ಯೋಚನೆ ಯಾರಿಗೂ ಬಂದಿರಲಿಲ್ಲ.

ಮದುವೆಯಾದ ಹೊಸದರಲ್ಲಿ ವರ್ಲೀನಳ ಗಂಡ ರಸ್ ಅವಳ ಡಬ್ಬವನ್ನು ಎಳೆಸಿಕೊಂಡು ಬಂದಿದ್ದ. "ಸ್ವಲ್ಪ ದಿನ ಇದರಲ್ಲಿ ಇರೋಣ, ಆಮೇಲೆ ನಿನಗೆ ಇಟ್ಟಿಗೆ ಮನೆ ಕಟ್ಟಿಸ್ತೀನಿ" ಅಂದಿದ್ದ. ಇಟ್ಟಿಗೆ ಎಲ್ಲಿಂದ ಬರಬೇಕು? ಹೆದ್ದಾರಿಯ ಹೋಟೆಲಿನಲ್ಲಿ ತಟ್ಟೆ ಇಡುವವಳೊಬ್ಬಳ ಜೊತೆ ಟೆಕ್ಸಸ್ಸಿಗೆ ಹೋದವನು ಇತ್ತ ತಲೆಯನ್ನೂ ಹಾಕಲಿಲ್ಲ. ವರ್ಲೀನ್ ಅತ್ತದ್ದನ್ನು ನಾವು ಯಾರೂ ನೋಡಲಿಲ್ಲ. ಅವನ ಬಟ್ಟೆಗಳನ್ನು ಚರ್ಚಿಗೆ ಕೊಟ್ಟು, ಅವನಿಟ್ಟಿದ್ದ ಜಿಂಕೆಯ ಕೊಂಬನ್ನು ಗೋಡೆಯಿಂದ ಕಿತ್ತು ಹೊರಗೆಸೆದು, ಮಾರನೆಯ ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಹೋದಳು.

ಅವಳ ಅಕ್ಕ ಒಲೀಟಾ ತಂಬಾಕಿನ ಜಮೀನು ಇದ್ದವನನ್ನು ಮದುವೆಯಾಗಿ ಇಟ್ಟಿಗೆ ಮನೆ ಸೇರಿದ್ದಳು. ಅವರ ತಾಯಿಗೆ ಕಾಲು ಬಿದ್ದುಹೋದಾಗ, ಆ ಇಟ್ಟಿಗೆ ಮನೆಯಲ್ಲಿ ಅಷ್ಟೊಂದು ಕೋಣೆಗಳಿದ್ದರೂ, ಮುದುಕಿ ಬಂದು ಸೇರಿದ್ದು ವರ್ಲೀನಳ ತಗಡಿನ ಡಬ್ಬವನ್ನೇ. ಒಲೀಟಾಳ ಮನೆಯಲ್ಲಿ ಬಿಳಿ ಕಾರ್ಪೆಟ್ ಇತ್ತು, ಸ್ವಾಮಿ, ಮುದುಕಿ ಅದರ ಮೇಲೆ ಏನಾದರೂ ಚೆಲ್ಲಿದರೆ? ಭಾನುವಾರ ಚರ್ಚಿಗೆ ತಾಯಿಯನ್ನು ಕರೆದೊಯ್ಯಲು ಒಲೀಟಾ ಬರುತ್ತಿದ್ದಳು. ಬಂದವಳು ಕಾರಿನಿಂದ ಇಳಿಯುತ್ತಿರಲಿಲ್ಲ. ರಸ್ತೆಯಲ್ಲೇ ನಿಂತು ಹಾರ್ನ್ ಹೊಡೆಯುತ್ತಿದ್ದಳು. ವರ್ಲೀನ್ ತಾಯಿಯ ರಟ್ಟೆ ಹಿಡಿದು ಮೆಟ್ಟಿಲಿಳಿಸಿ ಕಾರಿನಲ್ಲಿ ಕೂರಿಸಿ ಬರುತ್ತಿದ್ದಳು. ತಾಯಿ ಸತ್ತ ದಿನವೂ ಒಲೀಟಾ ಬಾಗಿಲವರೆಗೆ ಬಂದು ಹೊಸ್ತಿಲಾಚೆಯೇ ನಿಂತು ಕಣ್ಣೊರೆಸಿಕೊಂಡು ಹೋದಳು.

ಆದರೂ ಅಕ್ಕ ಅಂದರೆ ವರ್ಲೀನಳಿಗೆ ಜೀವ. ಅಕ್ಕ ಒಮ್ಮೆ ಒಳಗೆ ಬಂದು, ಮೇಜಿಗೆ ಕೂತು, 'ಮನೆ ಚೆನ್ನಾಗಿಟ್ಟಿದ್ದೀಯ ಕಣೇ' ಅನ್ನಬೇಕು ಎಂಬುದೊಂದೇ ಆಸೆ. ಹೇಳಿಕೊಳ್ಳುವುದಕ್ಕೂ ನಾಚಿಕೆಯಾಗುವಷ್ಟು ಸಣ್ಣ ಆಸೆ ಅದು, ಹಾಗಾಗಿ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಮೇ ತಿಂಗಳಲ್ಲಿ ನಮ್ಮಲ್ಲಿ ಹಿರಿಯರ ಸಮಾಧಿ ತೊಳೆದು ಹೂವಿಟ್ಟು, ಅಲ್ಲೇ ಗುಡ್ಡದ ಹುಲ್ಲಿನ ಮೇಲೆ ಬಟ್ಟೆ ಹಾಸಿ ಒಟ್ಟಿಗೆ ಉಣ್ಣುವ ದಿನವೊಂದಿದೆ. ಆ ವರ್ಷ ಓಹಾಯೊದಿಂದ ದೂರದ ನೆಂಟರ ಹೆಂಗಸೊಬ್ಬಳು ಬಂದಿದ್ದಳು. ವರ್ಲೀನ್ ಮಾಡಿ ತಂದಿದ್ದ ಬೀನ್ಸನ್ನು ಎರಡನೆಯ ಸಲ ಹಾಕಿಸಿಕೊಳ್ಳುತ್ತ, "ರುಚಿಯೋ ರುಚಿ. ನಿಮ್ಮ ಮನೆ ಎಲ್ಲಮ್ಮಾ, ಬಂದು ಹೋಗ್ತೀನಿ" ಅಂದಳು.

ವರ್ಲೀನ್ ಬಾಯಿ ತೆರೆಯುವ ಮೊದಲೇ ಒಲೀಟಾ ಅಂದಳು: "ಮನೆ ಎಲ್ಲಿಂದ ಬಂತು? ಅವಳದ್ದು ಟ್ರೇಲರ್ರು. ಸ್ವಲ್ಪ ಹುಷಾರಾಗಿ ಹೋಗು, ಯಾವಾಗ ಗಾಡಿ ಕಟ್ಕೊಂಡು ಹೊರಟುಬಿಡುತ್ತೋ ಗೊತ್ತಾಗಲ್ಲ, ಅವಳ ಗಂಡನ ಹಾಗೆ!"

ಇಡೀ ಗುಡ್ಡ ನಕ್ಕಿತು. ಚಿಕ್ಕಪ್ಪಂದಿರು ನಕ್ಕರು, ಅವರ ಮಕ್ಕಳು ನಕ್ಕರು, ಪಾದ್ರಿ ಕೂಡ ಕೋಳಿಯ ಕಾಲನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ನಕ್ಕ. ವರ್ಲೀನ್ ಬೀನ್ಸಿನ ಪಾತ್ರೆಗೆ ಮುಚ್ಚಳ ಹಾಕಿ, ಸೌಟು ಒರೆಸಿ ಚೀಲಕ್ಕೆ ಹಾಕಿಕೊಂಡು, ಯಾರಿಗೂ ಹೇಳದೆ ಗುಡ್ಡ ಇಳಿದು ಬಂದಳು. ತಾಯಿಯ ಸಮಾಧಿಗೆ ತಂದಿದ್ದ ಹೂವು ಅವಳ ಗಾಡಿಯಲ್ಲೇ ಬಾಡಿತು.

ಶಾಲೆಗೆ ಬೇಸಿಗೆ ರಜೆ ಬಿದ್ದ ಮಾರನೆಯ ದಿನವೇ ಸುತ್ತಿಗೆ, ಕಬ್ಬಿಣದ ಹಾರೆ ಹಿಡಿದು ಹೊರಗೆ ಬಂದು ಮನೆಯ ತಗಡು ಕೀಳತೊಡಗಿದಳು. ಕಿರ್ರೆನ್ನುವ ಸದ್ದಿಗೆ ಡಾಯ್ಲ್ ಬನಿಯನ್ನಿನಲ್ಲೇ ಓಡಿ ಬಂದ.

"ಏನ್ ಮಿಸ್ ವರ್ಲೀನ್, ಒಳಗೆ ನಿಧಿ ಗಿಧಿ ಇದೆಯಾ?"

"ಹೊಸ ಗೋಡೆ ಮಾಡ್ತೀನಿ. ಸುಮ್ನೆ ಹಲ್ಲು ಬಿಟ್ಕೊಂಡು ನಿಲ್ಲೋದಾದ್ರೆ ಆಚೆ ಹೋಗು. ಕೈ ಹಾಕೋದಾದ್ರೆ ಅಂಗಿ ಹಾಕ್ಕೊಂಡು ಬಾ."

ಡಾಯ್ಲ್ ಅಂಗಿ ಹಾಕಿಕೊಂಡು ಬಂದ. ಆ ಬೇಸಿಗೆ ಪೂರ್ತಿ ಅವನ ಬಾಯಿ ನಿಲ್ಲಲಿಲ್ಲ, ಕೈಯೂ ನಿಲ್ಲಲಿಲ್ಲ. ತಗಡಿನ ಹಿಂದೆ ಚಳಿ ತಡೆಯಲೆಂದು ತುರುಕಿದ್ದ, ಈಗ ಒದ್ದೆಯಾಗಿ ಮುದ್ದೆಗಟ್ಟಿದ ಗುಲಾಬಿ ಬಣ್ಣದ ಗಾಜಿನ ಹತ್ತಿ, ಅದರೊಳಗೆ ಇಲಿಯ ಸಂಸಾರಗಳು, ಬೆರಳಿಟ್ಟರೆ ಪುಡಿಯಾಗುವ ಮರದ ಕಂಬಗಳು. ಕೊಳೆತದ್ದನ್ನೆಲ್ಲ ತೆಗೆದು ಹೊಸ ಮರ ನಿಲ್ಲಿಸಿದರು. ಹೊರಗೋಡೆಗೆ ಏನು ಹಾಕುವುದು ಎಂಬಲ್ಲಿ ಇಬ್ಬರಿಗೂ ಜಗಳ ಹತ್ತಿತು.

"ಪಾರ್ಕಲ್ಲಿ ಎಲ್ರೂ ಹಾಕೋದು ಪ್ಲಾಸ್ಟಿಕ್ ಪಟ್ಟಿ. ಹಗುರ, ತೊಳೆದ್ರೆ ಹೊಸದು" ಅಂದ ಡಾಯ್ಲ್.

"ಬೇಡ. ಅದನ್ನ ಬಡಿದ್ರೆ ಖಾಲಿ ಡ್ರಮ್ಮಿನ ಹಾಗೆ ಡಬಡಬ ಅನ್ನುತ್ತೆ. ನನ್ನ ಗೋಡೆ ಬಡಿದ್ರೆ ಬಡಿದೋರ ಕೈ ನೋಯಬೇಕು."

"ಅಯ್ಯೋ, ಯಾರು ಬಂದು ನಿನ್ನ ಗೋಡೆ ಬಡೀತಾರೆ?"

"ಬಡೀತಾರೆ, ಬಡೀತಾರೆ" ಅಂದಳು ವರ್ಲೀನ್. ಅವಳ ಮನಸ್ಸಿನಲ್ಲಿದ್ದ ಕೈ ಯಾರದೆಂದು ಡಾಯ್ಲ್‌ಗೆ ಗೊತ್ತಿತ್ತು.

ಸಿಮೆಂಟಿನ ಹಲಗೆ ಬಂತು. ಒಂದೊಂದನ್ನು ಎತ್ತಲು ಇಬ್ಬರೂ ಏದುಸಿರು ಬಿಡಬೇಕು, ಅಂಥ ಭಾರ. ಚಪ್ಪಟೆ ತಗಡಿನ ಚಾವಣಿಯ ಮೇಲೆ ಮರದ ತೊಲೆ ಕಟ್ಟಿ ನಿಜವಾದ ಮನೆಯಂತೆ ಎರಡೂ ಕಡೆ ಇಳಿಜಾರಿನ ಮಾಡು ಮಾಡಿಸಿದಳು. ಅಡಿಯ ಖಾಲಿ ಜಾಗ ಮುಚ್ಚುತ್ತಿದ್ದ ತುಕ್ಕು ತಗಡನ್ನು ಕಿತ್ತು, ಸುತ್ತಲೂ ಸಿಮೆಂಟ್ ಬ್ಲಾಕಿನ ಕಟ್ಟೆ ಕಟ್ಟಿದಳು. ನಲ್ಲಿ ರಿಪೇರಿಯವನು ಒಳಗೆ ನುಗ್ಗಲು ಹಿಂಬದಿಯಲ್ಲಿ ಒಂದು ಪುಟ್ಟ ಬಾಗಿಲು ಬಿಟ್ಟಳು. ಕಟ್ಟೆ ಕಟ್ಟುವ ಮೊದಲೇ ಚಕ್ರ, ಅಚ್ಚು ಎಲ್ಲವನ್ನೂ ಬಿಚ್ಚಿಸಿ ಗುಜರಿಯವನಿಗೆ ಕೊಟ್ಟಿದ್ದಳು. ಗುಜರಿಯವನು ಒಯ್ದದ್ದನ್ನು ನೋಡಿ, ತಲೆನೋವು ಇಳಿದವಳ ಹಾಗೆ ಉಸ್ಸೆಂದು ಕೂತಳಂತೆ. ಕೊನೆಗೆ ಉಳಿದದ್ದು ಆ ಕೊಂಡಿ.

"ಡಾಯ್ಲ್, ನಿನ್ನ ಗ್ಯಾಸ್ ಕಟರ್ ತಗೊಂಡು ಬಾ."

ಡಾಯ್ಲ್‌ನ ನಗು ಆಗ ನಿಂತಿತು. "ಅದೊಂದು ಬಿಟ್ಬಿಡು, ಮಿಸ್ ವರ್ಲೀನ್. ಮೇಲೆ ಜಗಲಿ ಕಟ್ಟು, ಯಾರ ಕಣ್ಣಿಗೂ ಬೀಳಲ್ಲ."

"ನನ್ನ ಕಣ್ಣಿಗೆ ಬೀಳುತ್ತಲ್ಲ."

"ನೆಲ ನಮ್ಮದಲ್ಲ ಕಣಮ್ಮಾ. ನಾಳೆ ಹೆಚ್ಚುಕಮ್ಮಿ ಆದ್ರೆ?"

"ಎಸ್ಟೆಪ್ ಮುದುಕ ನನ್ನ ಕೈ ಕುಲುಕಿ ಮಾತು ಕೊಟ್ಟಿದ್ದಾನೆ. ಅಮ್ಮನ ಶವದ ಮುಂದೆ ನಿಂತು ಹೇಳಿದ್ದಾನೆ, ನೀನು ಇರೋವರೆಗೂ ಇಲ್ಲಿಂದ ನಿನ್ನ ಯಾರೂ ಎಬ್ಬಿಸಲ್ಲ ಅಂತ. ಕಾಗದದಲ್ಲಿ ಬರೆದು ಕೊಡೋದಕ್ಕಿಂತ ದೊಡ್ಡದು ಅದು."

ಇದೇ ನಮ್ಮವರ ದಡ್ಡತನ. ಕೈ ಕುಲುಕಿದರೆ ಮುಗಿಯಿತು, ನೆಲ ನಮ್ಮ ಹೆಸರಿಗೇ ಆಯಿತು ಅಂದುಕೊಳ್ಳುತ್ತೇವೆ. ಮುದುಕ ಸುಳ್ಳು ಹೇಳಲಿಲ್ಲ, ಪಾಪ, ಅವನ ಮನಸ್ಸಿನಲ್ಲಿ ಅದು ನಿಜವೇ. ಆದರೆ ಮುದುಕರು ಸಾಯುತ್ತಾರೆ ಎಂಬುದು ಮಾತು ಕೊಟ್ಟವನಿಗೂ ಹೊಳೆಯಲಿಲ್ಲ, ತೆಗೆದುಕೊಂಡವಳಿಗೂ ಹೊಳೆಯಲಿಲ್ಲ.

ಡಾಯ್ಲ್ ಕನ್ನಡಕ ಹಾಕಿಕೊಂಡು ಗ್ಯಾಸ್ ಹೊತ್ತಿಸಿದ. ಕಿಡಿ ಹಾರಿತು. ಕೊಂಡಿ ಧೊಪ್ಪನೆ ಹುಲ್ಲಿಗೆ ಬಿತ್ತು. ವರ್ಲೀನ್ ಎರಡೂ ಕೈಯಲ್ಲಿ ಅದನ್ನು ದರದರ ಎಳೆದುಕೊಂಡು ಹೋಗಿ ಕಸದ ರಾಶಿಯ ಮೇಲೆ ಹಾಕಿ, ಹಾಡು ಗುನುಗುತ್ತ ಬಂದು ಡಾಯ್ಲ್‌ಗೆ ಸಿಹಿ ಟೀ ಮಾಡಿಕೊಟ್ಟಳು. ಅಷ್ಟು ವರ್ಷದಲ್ಲಿ ಅವಳು ಹಾಡಿದ್ದನ್ನು ಅವನು ಕೇಳಿದ್ದು ಅದೇ ಮೊದಲು.

ಬಿಳಿ ಗೋಡೆ, ಹಸಿರು ಕಿಟಕಿ, ಮುಂದೆ ಅಗಲವಾದ ಜಗಲಿ, ಜಗಲಿಗೆ ಎರಡು ತೂಗುಕುರ್ಚಿ. ರಸ್ತೆಯಲ್ಲಿ ಹೋಗುವವರು ಗಾಡಿ ನಿಧಾನ ಮಾಡಿ ನೋಡುತ್ತಿದ್ದರು. ಪಾರ್ಕಿನ ಹೆಂಗಸರು ಬಂದು ಗೋಡೆ ತಟ್ಟಿ ತಟ್ಟಿ ನೋಡಿ ಹೊಟ್ಟೆಕಿಚ್ಚಿನಿಂದ ಹೊಗಳಿದರು. ವರ್ಲೀನ್ ಅಕ್ಕನಿಗೆ ಫೋನು ಮಾಡಿದಳು.

"ಬಾ ಒಲೀಟಾ, ಊಟಕ್ಕೆ ಬಾ. ಮನೆ ಸ್ವಲ್ಪ ಸರಿ ಮಾಡಿಸಿದೀನಿ."

"ಮಂಡಿ ನೋವು ಕಣೇ. ನಿನ್ನ ಆ ಮೆಟ್ಟಿಲು ಹತ್ತೋಕಾಗಲ್ಲ ನನಗೆ."

"ಈಗ ಆ ಮೆಟ್ಟಿಲಿಲ್ಲ. ಜಗಲಿ ಇದೆ, ಇಳಿಜಾರು ಮಾಡಿಸಿದೀನಿ."

"ಆಯ್ತು, ನೋಡೋಣ" ಅಂದಳು ಒಲೀಟಾ. ನೋಡಲಿಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೂ ಬರಲಿಲ್ಲ, ಕ್ರಿಸ್ಮಸ್ಸಿಗೂ ಬರಲಿಲ್ಲ. ಎರಡನೆಯ ತೂಗುಕುರ್ಚಿಯ ಮೇಲೆ ಡಾಯ್ಲ್ ಕೂತು ಅದರ ಬಣ್ಣ ಹೋಗುವಷ್ಟು ತೂಗಿದ.

ಆ ಚಳಿಗಾಲ ಕಳೆಯುವ ಮುಂಚೆ ಎಸ್ಟೆಪ್ ಮುದುಕ ತೀರಿಹೋದ. ಅವನ ಮಕ್ಕಳು ಅಪ್ಪನನ್ನು ಮಣ್ಣು ಮಾಡಿದ ಕೈ ತೊಳೆದರೋ ಇಲ್ಲವೋ, ಪಾರ್ಕನ್ನು ಯಾವುದೋ ಗೋದಾಮಿನ ಕಂಪನಿಗೆ ಮಾರಿಬಿಟ್ಟರು. ಬೇಸಿಗೆ ಮುಗಿಯುವುದರೊಳಗೆ ಎಲ್ಲರೂ ತಮ್ಮ ತಮ್ಮ ಮನೆಗಳನ್ನು ಎತ್ತಿಕೊಂಡು ಹೊರಡಬೇಕು, ಉಳಿದದ್ದನ್ನು ಒಡೆದು ಹಾಕಲಾಗುವುದು ಅಂತ ಬಾಗಿಲು ಬಾಗಿಲಿಗೂ ನೋಟೀಸು ಅಂಟಿಸಿದರು. ವರ್ಲೀನ್ ಮುದುಕನ ಹಿರಿಮಗನ ಮನೆಗೆ ಹೋಗಿ, ಅವನಪ್ಪ ಮಾತು ಕೊಟ್ಟದ್ದನ್ನು ನೆನಪಿಸಿದಳು.

"ಅಪ್ಪ ಕುಡಿದಾಗ ಎಲ್ರಿಗೂ ಮಾತು ಕೊಡ್ತಿದ್ದ, ಮ್ಯಾಮ್" ಅಂದ ಅವನು. ಆ ದಿನ ಮುದುಕ ಕುಡಿದಿರಲಿಲ್ಲ. ಹೆಣದ ಮುಂದೆ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ.

ಆಗ ಬಂತು ನೋಡಿ ಒಲೀಟಾಳ ಫೋನು. ಅವಳ ಗಂಡ ಅಷ್ಟರಲ್ಲಿ ಹೃದಯ ನಿಂತು ಸತ್ತಿದ್ದ. ದೊಡ್ಡ ಇಟ್ಟಿಗೆ ಮನೆಯಲ್ಲಿ ಅವಳೊಬ್ಬಳೇ.

"ನಮ್ಮ ತಂಬಾಕು ಒಣಹಾಕೋ ಕೊಟ್ಟಿಗೆ ಪಕ್ಕ ಅಷ್ಟೊಂದು ಜಾಗ ಬಿದ್ದಿದೆ" ಅಂದಳು. "ನಿನ್ನ ಮನೆ ತಂದು ಅಲ್ಲಿ ನಿಲ್ಲಿಸ್ಕೋ. ಬೆಳಿಗ್ಗೆ ಎದ್ರೆ ನನಗೂ ಒಂದು ಮುಖ ಕಾಣುತ್ತೆ."

ನಿನ್ನ ಮನೆ ಅಂದಳು. ವರ್ಲೀನ್ ಫೋನಿಟ್ಟ ಮೇಲೂ ಗೋಡೆ ಹಿಡಿದುಕೊಂಡೇ ನಿಂತಿದ್ದಳಂತೆ. ಮುಂದಿನ ಎರಡು ವಾರ ಅವಳು ನಡೆದದ್ದೇ ಬೇರೆ ಥರ. ಅಡುಗೆಮನೆಯ ಕಿಟಕಿ ಅಕ್ಕನ ಅಂಗಳಕ್ಕೆ ಮುಖ ಮಾಡಬೇಕೋ ಗುಡ್ಡಕ್ಕೆ ಮುಖ ಮಾಡಬೇಕೋ ಎಂದು ಡಾಯ್ಲ್‌ನ ತಲೆ ತಿಂದಳು.

ಮನೆ ಸಾಗಿಸುವವನು ಬಂದ. ದಪ್ಪ ಮೈಯ, ಮಾತು ಕಡಿಮೆಯ ಮನುಷ್ಯ. ಮುಂಭಾಗಕ್ಕೆ ಹೋಗಿ ಹುಡುಕಿದ, ಹಿಂಭಾಗಕ್ಕೆ ಹೋಗಿ ಹುಡುಕಿದ.

"ಕೊಂಡಿ ಎಲ್ಲಿ, ಮ್ಯಾಮ್?"

"ಕತ್ತರಿಸಿದೀವಿ. ಹೊಸದು ಬೆಸೆಯೋಕೆ ಆಗುತ್ತಲ್ಲ? ಇವನು ವೆಲ್ಡರ್ರು" ಎಂದು ಡಾಯ್ಲ್‌ನನ್ನು ಮುಂದೆ ತಳ್ಳಿದಳು.

ಸಾಗಿಸುವವನು ಟಾರ್ಚು ಹಿಡಿದು ಹಿಂಬದಿಯ ಪುಟ್ಟ ಬಾಗಿಲಿನಿಂದ ಅಡಿಗೆ ನುಗ್ಗಿದ. ಒಳಗಿನಿಂದ ಟಕ್ ಟಕ್ ಎಂದು ಬಡಿಯುವ ಸದ್ದು ಬಹಳ ಹೊತ್ತು ಬಂತು. ಹೊರಗೆ ಬಂದು ಮಂಡಿಯ ಮಣ್ಣು ಒರೆಸಿಕೊಂಡ.

"ಬೆಸೆಯೋಕೆ ಕಬ್ಬಿಣ ಎಲ್ಲಿದೆ? ಅಡಿಯ ಚಾಸಿಸ್ ತುಕ್ಕು ಹಿಡಿದು ಬಿಸ್ಕತ್ತಾಗಿದೆ. ಬರೀ ತಗಡಿನ ಡಬ್ಬ ಆಗಿದ್ರೆ, ಮೊದಲಿನ ಕೊಂಡಿಯೇ ಇದ್ದಿದ್ರೆ, ಅಚ್ಚು ಇದ್ದಿದ್ರೆ, ಹೆಂಗೋ ಎಳ್ಕೊಂಡು ಹೋಗ್ತಿದ್ದೆ. ಇದರ ಮೇಲೆ ಸಿಮೆಂಟು ಹೇರಿದೀರ, ಮಾಡು ಹೇರಿದೀರ. ಮೊದಲನೇ ತಿರುವಲ್ಲೇ ನಡು ಮುರಿಯುತ್ತೆ. ಯಾರು ಹೇಳಿದ್ರು ಇಷ್ಟು ಭಾರ ಹಾಕೋಕೆ?"

"ನಾನೇ" ಅಂದಳು ವರ್ಲೀನ್.

"ಹಲಗೆ ಎಲ್ಲಾ ಕಿತ್ಹಾಕಿದ್ರೆ?" ಡಾಯ್ಲ್ ಕೇಳಿದ. ಅವನ ದನಿ ಅಳುವವರ ದನಿಯಂತಿತ್ತು.

"ಕಿತ್ತರೆ ಒಳಗೆ ಉಳಿಯೋದೇನು? ಹಳೇದನ್ನೆಲ್ಲ ಬಿಸಾಕಿದೀರಲ್ಲ. ಚೆನ್ನಾಗಿ ಕಟ್ಟಿದೀರ ಮ್ಯಾಮ್, ಇಲ್ಲ ಅನ್ನಲ್ಲ. ಆದ್ರೆ ಇದು ಇಲ್ಲಿಂದ ಕದಲೋದಿಲ್ಲ." ಅವನು ಟೋಪಿಯ ಅಂಚು ಮುಟ್ಟಿ ಹೊರಟುಹೋದ.

ಡಾಯ್ಲ್‌ನ ಟ್ರೇಲರ್ ಆಗಸ್ಟಿನಲ್ಲಿ ಹೊರಟಿತು, ಅವನ ಸೋದರಳಿಯನ ಜಾಗಕ್ಕೆ. ತುಕ್ಕು ಹಿಡಿದ, ಒಂದು ಕಿಟಕಿಗೆ ರಟ್ಟು ಹೊಡೆದ, ಮಳೆಗೆ ಸೋರುವ ಡಬ್ಬ. ಚಕ್ರ ಇತ್ತು, ಅಚ್ಚು ಇತ್ತು, ಕೊಂಡಿ ಇತ್ತು. ಲಾರಿ ಅದನ್ನು ಸಿಕ್ಕಿಸಿಕೊಂಡು ಹೊರಟೇಬಿಟ್ಟಿತು. ಇನ್ನೂ ಎಷ್ಟೋ ಗಲೀಜು ಡಬ್ಬಗಳು ಅದರ ಹಿಂದೆ ಮುಂದೆ ಒಂದೊಂದಾಗಿ ಹೊರಟವು. ಅಂಗಳವನ್ನು ಯಾವತ್ತೂ ಗುಡಿಸದವರು, ಗೋಡೆಗೆ ಒಂದು ಮೊಳೆಯನ್ನೂ ಹೊಡೆಯದವರು, ಎಲ್ಲರೂ ತಮ್ಮ ಮನೆಗಳ ಸಮೇತ ಹೋದರು. ದೇವರು ಯಾವ ತಕ್ಕಡಿಯಲ್ಲಿ ತೂಗುತ್ತಾನೋ ನನಗಂತೂ ತಿಳಿಯದು.

ಲಾರಿ ಹತ್ತುವ ಮುಂಚೆ ಡಾಯ್ಲ್ ಅವಳ ಜಗಲಿಯ ಮುಂದೆ ಬಂದು ನಿಂತ. ಮುಖವೆತ್ತಲಿಲ್ಲ. "ಆವತ್ತು ಕಟರ್ ಹಿಡಿದ ಈ ಕೈ ಬಿದ್ದುಹೋಗಬಾರದಿತ್ತಾ, ಮಿಸ್ ವರ್ಲೀನ್."

"ನೀನು ಕತ್ತರಿಸದೇ ಇದ್ದಿದ್ರೆ ನಾನೇ ಹಲ್ಲಲ್ಲಿ ಕಚ್ಚಿ ಕತ್ತರಿಸ್ತಿದ್ದೆ" ಅಂದಳು. "ಹೋಗು. ಲಾರಿಯವನು ಕಾಯ್ತಿದಾನೆ."

ವರ್ಲೀನ್ ತನ್ನ ಬಟ್ಟೆ, ಪಾತ್ರೆ, ತಾಯಿಯ ಹಾಸಿಗೆ ಹೊದಿಕೆ ತೆಗೆದುಕೊಂಡು ಅಕ್ಕನ ಹಿಂದಿನ ಕೋಣೆ ಸೇರಿದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಿಳಿ ಕಾರ್ಪೆಟ್ಟಿನ ಅಂಚಿನಲ್ಲೇ ನಡೆಯುತ್ತಿದ್ದಳು. ಒಲೀಟಾ ಮೊದಲ ದಿನ 'ಅಯ್ಯೋ ಚಪ್ಪಲಿ ಹಾಕ್ಕೊಳ್ಳೇ' ಅಂದಳು. ಎರಡನೆಯ ದಿನ ಅನ್ನಲಿಲ್ಲ.

ಒಡೆಯುವ ದಿನ ಹೋಗಬೇಡವೆಂದು ಒಲೀಟಾ ಹೇಳಿ ನೋಡಿದಳು. ವರ್ಲೀನ್ ಕೇಳಲಿಲ್ಲ. ಕೊನೆಗೆ ಒಲೀಟಾಳೇ ಕಾರಿನಲ್ಲಿ ಕರೆದುಕೊಂಡು ಹೋದಳು. ಪಾರ್ಕು ಬೋಳಾಗಿತ್ತು. ಅಲ್ಲಲ್ಲಿ ಕಾಂಕ್ರೀಟಿನ ತುಂಡು, ಕಿತ್ತ ಪೈಪು, ಯಾರದೋ ಹೂವಿನ ಕುಂಡ. ನಡುವೆ ಒಂದೇ ಒಂದು ಬಿಳಿ ಮನೆ. ಒಲೀಟಾ ಕಾರು ನಿಲ್ಲಿಸಿದಳು. ಕೈ ಹಾರ್ನಿನ ಮೇಲಿತ್ತು, ಒತ್ತಲಿಲ್ಲ. ಇಳಿದಳು. ಮಂಡಿ ಹಿಡಿದುಕೊಂಡು ಜಗಲಿಯವರೆಗೆ ನಡೆದು ಬಂದು ನಿಂತಳು.

ಅಗೆಯುವ ಯಂತ್ರ ಬಂತು. ಅದು ಮನೆಯ ಮುಂದೆ ನಿಲ್ಲದೆ ಹಾದುಹೋಯಿತು. ಪಾರ್ಕಿನ ಕೊನೆಯವರೆಗೆ ಹೋಗಿ ಒಂದು ಸುತ್ತು ಹಾಕಿ ಮತ್ತೆ ಬಂತು. ಮೇಲಿನಿಂದ ಇಳಿದವನು ಎಳೆಯ ಪ್ರಾಯದವನು, ಮುಖ ಬೆವೆತಿತ್ತು.

"ಮ್ಯಾಮ್, ಏನೋ ಹೆಚ್ಚುಕಮ್ಮಿ ಆಗಿದೆ. ಕೊನೇ ಟ್ರೇಲರ್ ಒಂದು ಉಳಿದಿದೆ, ಒಡೆದು ಬಾ ಅಂತ ಕಳ್ಸಿದಾರೆ. ಎಲ್ಲೂ ಕಾಣ್ತಿಲ್ಲ. ಇಲ್ಲಿರೋದು ನಿಮ್ಮ ಮನೆ ಒಂದೇ."

ಒಲೀಟಾ ಜಗಲಿಯ ಕಂಬ ಹಿಡಿದುಕೊಂಡು ಮುಖ ಆಚೆ ತಿರುಗಿಸಿದಳು.

"ಅದೇ ಇದು" ಅಂದಳು ವರ್ಲೀನ್.

"ಇದಾ? ಇಲ್ಲ ಮ್ಯಾಮ್, ಇದು ಮನೆ. ಗೊತ್ತಾಗಲ್ವಾ ನನಗೆ? ತಪ್ಪಿ ಯಾರದೋ ಮನೆ ಒಡೆದುಬಿಟ್ರೆ ನನ್ನ ಕೆಲಸ ಹೋಗುತ್ತೆ. ಆಫೀಸಿಗೆ ಫೋನ್ ಮಾಡಿ ಕೇಳ್ತೀನಿ ಇರಿ."

"ಫೋನ್ ಬೇಡ. ಬಾ ಇಲ್ಲಿ."

ಅವನನ್ನು ಮನೆಯ ಹಿಂದಕ್ಕೆ ಕರೆದುಕೊಂಡು ಹೋದಳು. ಮಂಡಿಯೂರಿ ಕೂತು, ಬ್ಲಾಕಿನ ಕಟ್ಟೆಯಲ್ಲಿದ್ದ ಪುಟ್ಟ ಬಾಗಿಲಿನ ಚಿಲಕ ತೆಗೆದು, ಅವನು ಬಗ್ಗಿ ನೋಡಲಿ ಎಂದು ಪಕ್ಕಕ್ಕೆ ಸರಿದಳು. ಒಳಗೆ, ಕತ್ತಲಲ್ಲಿ, ತುಕ್ಕು ಹಿಡಿದ ಉದ್ದನೆಯ ಕಬ್ಬಿಣದ ತೊಲೆಗಳು, ಅಚ್ಚು ಬಿಚ್ಚಿದ ತೂತುಗಳು.

"ನೋಡಿದೆಯಾ?" ಅಂದಳು. "ಟ್ರೇಲರ್ರು."

ಅವನು ನೋಡಿ ತಲೆಯಾಡಿಸಿದ. ಹೋಗಿ ಯಂತ್ರ ಹತ್ತಿದ.